ಗಣಿ ಮುಗಿದ ಮೇಲೆ ನೆಲ ಯಾರದು?

ರಾಯಚೂರು ಜಿಲ್ಲೆಯ ಚಿನ್ನ ಎಂದೊಡನೆ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ನೆನಪಾಗುವುದು ಸಹಜವಾದರೂ, ಅಲ್ಲಿ ಗಣಿ ನಡೆಸುವ ಕಂಪನಿಯ ಸಣ್ಣ ಗಣಿಗಳು ದೇವದುರ್ಗ ತಾಲ್ಲೂಕಿನ ಊಟಿಯಲ್ಲಿಯೂ ಮಾನ್ವಿ ಸೀಮೆಯ ಹೀರಾಬುದ್ದಿನ್ನಿಯಲ್ಲಿಯೂ ಇವೆ. ಅಲ್ಲಿ ತೆಗೆದ ಅದಿರನ್ನು ಅರೆದು ಚಿನ್ನ ಬೇರ್ಪಡಿಸುವ ಕೆಲಸ ಹಟ್ಟಿಯಲ್ಲಿಯೇ ನಡೆಯುವುದರಿಂದ, ಕೆಡುವ ನೆಲವೂ ಎರಡು ಬಗೆಯದಾಗುತ್ತದೆ: ಅಗೆದ ಊರಿನಲ್ಲಿ ಗುಂಡಿಯೂ ಅದಿರಿಲ್ಲದ ಕಲ್ಲಿನ ರಾಶಿಯೂ ಉಳಿದರೆ, ಹಟ್ಟಿಯಲ್ಲಿ ಸೈನೈಡ್ ದ್ರಾವಣದಲ್ಲಿ ತೊಳೆದ ಕಲ್ಲುಪುಡಿಯ ದಿಬ್ಬಗಳು ಉಳಿಯುತ್ತವೆ. ಇವೆರಡಕ್ಕೂ ಒಂದೇ ಮದ್ದು ಸಲ್ಲದು.

ಗಣಿ ಮುಚ್ಚುವ ಯೋಜನೆ, ಅಂದರೆ ಗಣಿಗಾರಿಕೆ ನಡೆಯುತ್ತಿರುವಾಗಲೂ ಮುಗಿದ ಮೇಲೂ ನೆಲವನ್ನು ಸರಿಪಡಿಸುವ ಕ್ರಮವನ್ನು ಮೊದಲೇ ಬರೆದುಕೊಡಬೇಕೆಂಬ ಷರತ್ತು, 2003ರಿಂದ ಭಾರತದ ಖನಿಜ ನಿಯಮಗಳಲ್ಲಿದೆ. ಪರಿಸರ ಅನುಮತಿಗೆ ಮುನ್ನ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕೆಂದು 2006ರ ಅಧಿಸೂಚನೆ ಹೇಳುತ್ತದೆ. ಮುಚ್ಚುವ ಹೊತ್ತಿಗೆ ಮಾತ್ರ ಅಂಥ ಸಭೆ ಕಡ್ಡಾಯವಲ್ಲ. ಗಣಿ ಬರುವಾಗ ಕೇಳಿಸಿಕೊಂಡ ಊರನ್ನು ಗಣಿ ಹೋಗುವಾಗ ಕೇಳದಿರುವುದು ವಿಚಿತ್ರವೇ ಸರಿ.

ಆದರೆ ಕೊನೆಯಲ್ಲಿ ಕೇಳಿದರೂ ತಡವೇ. ಅಗೆಯುವ ಮೊದಲ ದಿನವೇ ಮೇಲ್ಮಣ್ಣನ್ನು ಬೇರೆಯಾಗಿ ಕೂಡಿಡದಿದ್ದರೆ, ಬೀಜವನ್ನೂ ಸೂಕ್ಷ್ಮಜೀವಿಗಳನ್ನೂ ಹೊತ್ತ ಆ ಎರೆಮಣ್ಣು ಕಲ್ಲಿನ ರಾಶಿಯಡಿ ಹೂತುಹೋಗಿ, ಮುಂದೆ ಎಷ್ಟು ಸಸಿ ನೆಟ್ಟರೂ ಬೇರು ಹಿಡಿಯುವುದು ಕಷ್ಟ. ಯಾವ ಹೊಲದ ಮಣ್ಣು ಎಷ್ಟು ಆಳ, ಮಳೆಗಾಲದಲ್ಲಿ ಯಾವ ಹಳ್ಳ ಎತ್ತ ಹರಿಯುತ್ತದೆ, ಕುರಿಗಳು ಬೇಸಿಗೆಯಲ್ಲಿ ಎಲ್ಲಿ ಮೇಯುತ್ತವೆ ಎಂಬುದು ರೈತರಿಗೂ ಕುರಿಗಾಹಿಗಳಿಗೂ ಗೊತ್ತಿರುವ ಸಂಗತಿ, ನಕ್ಷೆಯಲ್ಲಿ ಸಿಗುವುದಲ್ಲ. ಗಣಿ ಮುಗಿದ ನೆಲದ ಹಸಿರು ಹೊದಿಕೆಯ ಲೆಕ್ಕಕ್ಕೆ ಬಳ್ಳಾರಿ ಜಾಲಿಯೂ ಸೇರಿಬಿಡುತ್ತದೆ. ಅದು ಹುಲ್ಲುಗಾವಲನ್ನು ನುಂಗುತ್ತದೆಂದು ಕೆಲವರು ಕಡಿಯಬೇಕೆಂದರೆ, ಸೌದೆಗೂ ಇದ್ದಿಲಿಗೂ ಅದನ್ನೇ ನಂಬಿದ ಬಡವರು ಬೇಡವೆನ್ನಬಹುದು. ಸಮುದಾಯ ಎಂಬುದು ಒಂದೇ ದನಿಯದಲ್ಲ. ಆ ಜಗಳ ಗ್ರಾಮಸಭೆಯಲ್ಲಿಯೇ ನಡೆದು ಬೇವು, ಹೊಂಗೆ, ಹುಲ್ಲು, ಜಾಲಿಗಳ ಪಾಲು ಅಲ್ಲಿಯೇ ತೀರ್ಮಾನವಾಗುವುದು ಒಳ್ಳೆಯದು.

ಜನರ ಅನುಭವಕ್ಕೂ ಮಿತಿಯುಂಟು. ಚಿನ್ನದ ಜೊತೆ ನೆಲದಡಿಯಲ್ಲಿರುವ ಆರ್ಸೆನೊಪೈರೈಟ್ ಎಂಬ ಖನಿಜ ಗಾಳಿ ನೀರಿಗೆ ಒಡ್ಡಿಕೊಂಡಾಗ ಆರ್ಸೆನಿಕ್ ಬಿಡುಗಡೆಯಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ನೆರೆಯ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ, ಅಲ್ಲಿನ ಮಂಗಳೂರು ಎಂಬ ಹಳ್ಳಿಯ ಹಳೆಯ ಚಿನ್ನದ ಗಣಿಯ ಸೀಮೆಗೆ ಸೇರಿದ ಕಿರದಳ್ಳಿ ತಾಂಡಾದಲ್ಲಿ, ಕುಡಿಯುವ ನೀರಿನ ಆರ್ಸೆನಿಕ್‌ನಿಂದ ಜನರ ಚರ್ಮ ಕೆಟ್ಟದ್ದು ದಾಖಲಾಗಿದೆ. ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಈ ವಿಷವನ್ನು ನಿಖರವಾಗಿ ಅಳೆಯಲು ಪ್ರಯೋಗಾಲಯವೇ ಬೇಕು. ಗುಂಡಿಯಲ್ಲಿ ನಿಂತ ನೀರನ್ನು ಮೀನು ಸಾಕಣೆಗೋ ಹೊಲಕ್ಕೋ ಬಳಸುವ ಮುನ್ನ ಪರೀಕ್ಷೆ ನಡೆಯಬೇಕು, ಅದರ ವರದಿ ಕನ್ನಡದಲ್ಲಿ ಪಂಚಾಯಿತಿಯ ಗೋಡೆಗೆ ಬರಬೇಕು.

ಹಣದ ದಾರಿ ಇಲ್ಲವೆಂದಲ್ಲ. 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿ, ಗುತ್ತಿಗೆದಾರರು ರಾಜಧನದ ಜೊತೆಗೆ ಅದರ ಒಂದು ಪಾಲಿನಷ್ಟು ಹಣವನ್ನು ಗಣಿಬಾಧಿತ ಊರುಗಳಿಗಾಗಿ ಕಟ್ಟಬೇಕಾಯಿತು. ಅನುಸೂಚಿತ ಪ್ರದೇಶಗಳಲ್ಲಿ ಇದರ ಖರ್ಚಿಗೆ ಗ್ರಾಮಸಭೆಯ ಒಪ್ಪಿಗೆ ಬೇಕು; ಕರ್ನಾಟಕದಲ್ಲಿ ಸಂವಿಧಾನದ ಐದನೆಯ ಅನುಸೂಚಿಗೆ ಸೇರಿದ ಪ್ರದೇಶವೇ ಇಲ್ಲದ್ದರಿಂದ ದೇವದುರ್ಗದ ಊರುಗಳಿಗೆ ಆ ಹಿಡಿತವಿಲ್ಲ, ತೀರ್ಮಾನ ರಾಯಚೂರು ನಗರದ ಕಚೇರಿಗಳಲ್ಲಿ ಆಗುತ್ತದೆ. ಬಳ್ಳಾರಿಯ ಕಬ್ಬಿಣದ ಗಣಿಗಳಿಗೆ ಸುಪ್ರೀಂ ಕೋರ್ಟಿನ ಆದೇಶದಿಂದ ಬಂದ ಪುನಶ್ಚೇತನ ನಿಧಿಯೂ ಅದರ ವ್ಯಾಪ್ತಿಯ ಜಿಲ್ಲೆಗಳಿಗಷ್ಟೇ ಮೀಸಲು. ಗಣಿ ಮುಚ್ಚಿದ ಪ್ರಮಾಣಪತ್ರಕ್ಕೆ ಕೇಂದ್ರದ ನಿಯಮದಲ್ಲೂ ಪ್ರತಿಷ್ಠಾನದ ಕ್ರಿಯಾಯೋಜನೆಗೆ ರಾಜ್ಯದ ನಿಯಮದಲ್ಲೂ ಒಂದೊಂದು ಸಾಲು ಸೇರಿಸಿ, ಗ್ರಾಮಸಭೆಯ ನಿರ್ಣಯವನ್ನು ಲಗತ್ತಿಸಬೇಕೆಂದರೆ, ಹೊಸ ಇಲಾಖೆಯನ್ನೇನೂ ಕಟ್ಟಬೇಕಾಗುವುದಿಲ್ಲ.