ನೆರೆಯಲ್ಲಿ ಜನ ದಂಗೆ ಎದ್ದಾಗ

ಟ್ಯುನಿಸಿಯದ ತಳ್ಳುಗಾಡಿ ವ್ಯಾಪಾರಿ ಮೊಹಮ್ಮದ್ ಬೌಅಝೀಝಿ 2010ರ ಡಿಸೆಂಬರ್ 17ರಂದು ಮೈಗೆ ಬೆಂಕಿ ಹಚ್ಚಿಕೊಂಡ. ನಾಲ್ಕೇ ವಾರಗಳಲ್ಲಿ, 2011ರ ಜನವರಿ 14ರಂದು, 23 ವರ್ಷ ಆಳಿದ್ದ ಅಧ್ಯಕ್ಷ ಬೆನ್ ಅಲಿ ದೇಶ ಬಿಟ್ಟು ಓಡಿದರು. ಅದಕ್ಕೆ ಎರಡು ಮೂರು ದಿನ ಮುಂಚೆಯಷ್ಟೇ ಫ್ರಾನ್ಸಿನ ವಿದೇಶಾಂಗ ಸಚಿವೆ, ಗಲಭೆ ನಿಭಾಯಿಸುವ ತಮ್ಮ ಪೊಲೀಸರ ಪರಿಣತಿ ಟ್ಯುನಿಸಿಯಕ್ಕೂ ದೊರೆಯಬಹುದೆಂದು ಸಂಸತ್ತಿನಲ್ಲಿ ಹೇಳಿದ್ದರು. ಫೆಬ್ರವರಿ ಮುಗಿಯುವುದರೊಳಗೆ ಅವರೂ ಕುರ್ಚಿ ಬಿಟ್ಟರು.

ಇಷ್ಟು ಕಾಲ ಸರ್ವಾಧಿಕಾರಿಗಳ ಜತೆ ಕೈಕುಲುಕಿದ್ದ ಐರೋಪ್ಯ ಒಕ್ಕೂಟ ಮುಜುಗರಕ್ಕೆ ಸಿಕ್ಕಿತು. ಅದೇ ವರ್ಷ ಮೇ ತಿಂಗಳಲ್ಲಿ ಹೊಸ ನೆರೆಹೊರೆ ನೀತಿ ಪ್ರಕಟಿಸಿತು: ಹೆಚ್ಚು ಸುಧಾರಣೆ ಮಾಡಿದವರಿಗೆ ಹೆಚ್ಚು ನೆರವು. ಮೊದಲ ಕಂತಾಗಿ 35 ಕೋಟಿ ಯೂರೊಗಳ ಯೋಜನೆಯೂ ಬಂತು.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಕಂಡವರಿಗೆ ಈ ಲೆಕ್ಕ ಹೊಸದಲ್ಲ. ಕನಕಪುರ, ಮಾಗಡಿ, ಚನ್ನಪಟ್ಟಣದ ಕಡೆಯ ರೈತ ತಂದು ಸುರಿದ ಗೂಡನ್ನು ರೀಲರು ಕೈಯಲ್ಲಿ ಹಿಡಿದು ನೋಡುತ್ತಾನೆ. ನೂಲು ಚೆನ್ನಾಗಿ ಬಿಡುವ ಗೂಡಿಗೆ ಹೆಚ್ಚು ದರ ಕೊಡುತ್ತಾನೆ. ಒಕ್ಕೂಟ ನೋಡುತ್ತೇನೆಂದ ಗುಣಮಟ್ಟವೆಂದರೆ ನ್ಯಾಯಯುತ ಚುನಾವಣೆ, ಪತ್ರಿಕಾ ಸ್ವಾತಂತ್ರ್ಯ, ಸ್ವತಂತ್ರ ನ್ಯಾಯಾಂಗ.

ಆದರೆ ಕೊಳ್ಳುವವನ ಚಿಂತೆಯೇ ಬದಲಾಯಿತು. 2015ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ನಿರಾಶ್ರಿತರು, ವಲಸಿಗರು ಸಮುದ್ರ ದಾಟಿ ಯೂರೋಪು ಸೇರಿದರು. ಆ ವರ್ಷದ ಕೊನೆಯಲ್ಲಿ ಪರಿಷ್ಕರಿಸಿದ ನೀತಿಯಲ್ಲಿ ಒತ್ತು ಬಿದ್ದದ್ದು ಪ್ರಜಾಪ್ರಭುತ್ವಕ್ಕಿಂತ ಸ್ಥಿರತೆಯ ಮೇಲೆ. 2021ರಲ್ಲಿ ಟ್ಯುನಿಸಿಯದ ಅಧ್ಯಕ್ಷ ಕೈಸ್ ಸಯೀದ್ ಸಂಸತ್ತನ್ನೇ ಅಮಾನತಿನಲ್ಲಿಟ್ಟರು. ಹಳೆಯ ಲೆಕ್ಕದಲ್ಲಾದರೆ ದರ ಇಳಿಯಬೇಕಿತ್ತು. 2023ರ ಜುಲೈನಲ್ಲಿ ಒಕ್ಕೂಟ ಅವರೊಂದಿಗೇ ಒಪ್ಪಂದ ಮಾಡಿಕೊಂಡು, ವಲಸೆ ತಡೆಗೆ 10.5 ಕೋಟಿ ಯೂರೊ ಕೊಡಲು ಒಪ್ಪಿತು. ಮರುವರ್ಷ ಈಜಿಪ್ಟಿಗೆ 740 ಕೋಟಿ ಯೂರೊಗಳ ನೆರವು ಪ್ರಕಟವಾಯಿತು. ಬೀದಿಗಿಳಿದಿದ್ದ ಯುವಕರ ಪಾಲಿಗೆ ಉಳಿದದ್ದು ಕಡಲಿನ ಕಾವಲು.

ನಮ್ಮ ಸಾರ್ಕ್ ಇಂಥ ಮಾತನ್ನು ಕೊಟ್ಟೂ ಇಲ್ಲ, ತಪ್ಪಿಯೂ ಇಲ್ಲ. ಇಲ್ಲಿ ನೆರೆಯವರೆಲ್ಲ ಒಂದೇ ಕೂಟದ ಸದಸ್ಯರು. ಎಲ್ಲ ತೀರ್ಮಾನಕ್ಕೂ ಒಮ್ಮತ ಬೇಕು, ವಿವಾದಾಸ್ಪದ ವಿಷಯ ಚರ್ಚೆಗೇ ಬರಕೂಡದು ಎಂದು ಅದರ ಸನ್ನದಿನ ಹತ್ತನೇ ವಿಧಿ ಹೇಳುತ್ತದೆ. ಸಾರ್ಕ್‌ನ ಎರಡನೇ ಶೃಂಗಸಭೆ ನಡೆದದ್ದು ಬೆಂಗಳೂರಿನಲ್ಲಿ, 1986ರ ನವೆಂಬರ್ 16 ಮತ್ತು 17ರಂದು. (ಅದಕ್ಕೆ ಮೂರು ತಿಂಗಳ ಹಿಂದಷ್ಟೇ ಬೆಂಗಳೂರು ಜಿಲ್ಲೆ ಇಬ್ಭಾಗವಾಗಿ, ರಾಮನಗರವೂ ಸೇರಿ ಈ ನಾಲ್ಕೂ ತಾಲ್ಲೂಕುಗಳು ಗ್ರಾಮಾಂತರದ ಪಾಲಾಗಿದ್ದವು.) ಕಾಠ್ಮಂಡುವಿನಲ್ಲಿ ಕಾಯಂ ಕಾರ್ಯಾಲಯ ತೆರೆಯುವ ಒಪ್ಪಂದಕ್ಕೆ ಸಹಿ ಬಿದ್ದದ್ದೂ ಆ ಸಭೆಯಲ್ಲೇ.

2014ರ ನಂತರ ಶೃಂಗಸಭೆಯೇ ಸೇರಿಲ್ಲ. 2022ರಲ್ಲಿ ಶ್ರೀಲಂಕಾದ ಜನ ಅಧ್ಯಕ್ಷರ ಅರಮನೆಗೆ ನುಗ್ಗಿದ ವರ್ಷ ಅಲ್ಲಿಗೆ ಸುಮಾರು 400 ಕೋಟಿ ಡಾಲರ್ ನೆರವು ಹೋದದ್ದು ಭಾರತದಿಂದ, ಸಾರ್ಕ್‌ನಿಂದಲ್ಲ. 2024ರ ಆಗಸ್ಟ್‌ನಲ್ಲಿ ಢಾಕಾ ತೊರೆದ ಶೇಖ್ ಹಸೀನಾ ಭಾರತಕ್ಕೆ ಬಂದಿಳಿದರು. ಅದು ಎರಡು ದೇಶಗಳ ನಡುವಿನ ಕಗ್ಗಂಟಾಯಿತು. 2025ರ ಸೆಪ್ಟೆಂಬರ್‌ನಲ್ಲಿ ನೇಪಾಳದ ಸರದಿ. ಯುವಜನರ ದಂಗೆಯಲ್ಲಿ ಸಂಸತ್ ಭವನಕ್ಕೆ ಬೆಂಕಿ ಬಿದ್ದ ಕಾಠ್ಮಂಡುವಿನಲ್ಲೇ, ಬೆಂಗಳೂರಿನ ಒಪ್ಪಂದದಿಂದ ಹುಟ್ಟಿದ ಆ ಕಾರ್ಯಾಲಯವೂ ಇದೆ.