ಹಾಲಿಗೆ ಇಳಿಯುವ ಔಷಧ

ಮಕ್ಕಳೇ, ರಾಯದುರ್ಗ, ಮಡಕಶಿರ ಸೀಮೆಯಲ್ಲಿ ಮಳೆ ಕಡಿಮೆ. ಕಡಲೆಕಾಯಿ ಬೆಳೆ ಕೈಕೊಟ್ಟಾಗ ಹಸುವಿನ ಹಾಲೇ ಎಷ್ಟೋ ಮನೆಗಳಿಗೆ ಆಧಾರ. ಒಮ್ಮೊಮ್ಮೆ ಹೆಪ್ಪು ಹಾಕಿದರೂ ಆ ಹಾಲು ಮೊಸರಾಗುವುದಿಲ್ಲ. ಹಸುವಿಗೆ ಕೊಟ್ಟ ಔಷಧವೂ ಇದಕ್ಕೆ ಕಾರಣವಾಗಿರಬಹುದು. ಅದು ಹೇಗೆ?

ಕೆಚ್ಚಲು ಬಾವು ರೋಗಾಣುಗಳಿಂದ ಬರುತ್ತದೆ. ಅವುಗಳನ್ನು ಕೊಲ್ಲಲು ಪಶುವೈದ್ಯರು ಪೆನಿಸಿಲಿನ್‌ನಂತಹ ಪ್ರತಿಜೈವಿಕ ಔಷಧವನ್ನು ಹಸುವಿನ ಕುತ್ತಿಗೆಗೋ ತೊಡೆಗೋ ಚುಚ್ಚುತ್ತಾರೆ. ಔಷಧ ಅಲ್ಲಿಯೇ ನಿಲ್ಲುವುದಿಲ್ಲ. ರಕ್ತದಲ್ಲಿ ಬೆರೆತು ಮೈಯೆಲ್ಲ ಸುತ್ತುತ್ತದೆ. ಒಂದು ಲೀಟರ್ ಹಾಲಾಗಲು ಸುಮಾರು 400ರಿಂದ 500 ಲೀಟರ್ ರಕ್ತ ಕೆಚ್ಚಲಿನ ಮೂಲಕ ಹರಿಯಬೇಕು. ಆಗ ಸ್ವಲ್ಪ ಔಷಧ ಹಾಲಿಗೂ ಇಳಿಯುತ್ತದೆ. ಹೆಪ್ಪಿನಲ್ಲಿರುವ ಉಪಕಾರಿ ಸೂಕ್ಷ್ಮಜೀವಿಗಳನ್ನು ಅದು ಬೆಳೆಯಲು ಬಿಡುವುದಿಲ್ಲ. ಹಾಲು ಕಾಯಿಸಿದರೂ ಔಷಧ ಪೂರ್ತಿ ನಾಶವಾಗುವುದಿಲ್ಲ.

ಹಸುವಿನ ಮೂತ್ರಪಿಂಡಗಳು ಔಷಧವನ್ನು ಮೆಲ್ಲಗೆ ಹೊರಹಾಕುತ್ತವೆ. ಇದಕ್ಕೆ ಕೆಲವು ದಿನಗಳು ಬೇಕು. ಅಷ್ಟು ದಿನ ಆ ಹಾಲನ್ನು ಕುಡಿಯಬಾರದು, ಡೈರಿಗೂ ಹಾಕಬಾರದು. ಹಾಲು ಚೆಲ್ಲುವುದು ನಷ್ಟವೇ ಸರಿ. ಆದರೆ ಔಷಧ ಪದೇ ಪದೇ ನಮ್ಮ ಹೊಟ್ಟೆ ಸೇರಿದರೆ ರೋಗಾಣುಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ. ಮುಂದೆ ನಮಗೆ ಕಾಯಿಲೆ ಬಂದಾಗ ಅದೇ ಔಷಧ ಕೆಲಸ ಮಾಡದೆ ಹೋಗಬಹುದು.

ನಿಮ್ಮ ಹಸುವಿಗೆ ಔಷಧ ಕೊಟ್ಟಾಗ, "ಎಷ್ಟು ದಿನ ಹಾಲು ಬಳಸಬಾರದು?" ಎಂದು ಪಶುವೈದ್ಯರನ್ನು ಕೇಳಿರಿ. ಮನೆಯವರಿಗೂ ತಿಳಿಸಿರಿ.