ಕಾರಿನಲ್ಲೊಂದು ಅಗ್ನಿನಂದಕ: ಯಾವುದನ್ನು ಕೊಳ್ಳಬೇಕು, ಎಲ್ಲಿಡಬೇಕು?

ದಿಂಡಿಗಲ್ಲಿನಿಂದ ಹೊರಟು ಬತ್ಲಗುಂಡು, ಪೆರಿಯಕುಳಂ, ತೇನಿ, ಚಿನ್ನಮನೂರು, ಉತ್ತಮಪಾಳಯಂಗಳನ್ನು ದಾಟಿ ಕಂಬಂ, ಗೂಡಲೂರುಗಳ ಮೂಲಕ ಕುಮಳಿಯ ಘಟ್ಟವನ್ನೇರುವ ಹೆದ್ದಾರಿಯಲ್ಲಿ ವರ್ಷವಿಡೀ ವಾಹನಗಳ ಸಾಲು ತಪ್ಪುವುದಿಲ್ಲ. ಕಣಿವೆಯ ದ್ರಾಕ್ಷಿ ಈ ದಾರಿಯಲ್ಲೇ ಹೊರಡುತ್ತದೆ. ಮಲೆಯ ಏಲಕ್ಕಿ ಬೋಡಿನಾಯಕನೂರಿನ ಹರಾಜಿಗೆ ಇಳಿದು ಬರುತ್ತದೆ. ಕಾರ್ತಿಕದಿಂದ ಸಂಕ್ರಾಂತಿಯವರೆಗೆ ಶಬರಿಮಲೆಯ ಯಾತ್ರಿಕರ ಕಾರು, ವ್ಯಾನುಗಳು ಸಾಗುತ್ತವೆ. ಇವುಗಳ ನಡುವೆ ದಿನಕ್ಕೆರಡು ಬಾರಿ ಶಾಲಾ ಮಕ್ಕಳನ್ನು ಹೊತ್ತ ವಾಹನಗಳೂ ಓಡಾಡುತ್ತವೆ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಎಂದು ತಲೆಮಾರುಗಳಿಂದ ಬದುಕಿರುವ ಈ ಕಣಿವೆಯ ಕಪ್ಪಿಲಿಯರ್ ಕುಟುಂಬಗಳಲ್ಲಿಯೂ ಈಗ ಕಾರು ಅಪರೂಪದ ವಸ್ತುವಲ್ಲ. ಆ ಕಾರುಗಳಲ್ಲಿ ದೇವರ ಚಿತ್ರವಿರುತ್ತದೆ, ಸುಗಂಧದ ಸೀಸೆಯಿರುತ್ತದೆ, ಹೆಚ್ಚುವರಿ ಚಕ್ರವಿರುತ್ತದೆ. ಬೆಂಕಿಯನ್ನು ನಂದಿಸುವ ಸಾಧನವಿರುವ ಕಾರು ಮಾತ್ರ ವಿರಳ.

ಬೆಂಕಿ ಎಂದರೇನೆಂದು ಈ ಕಣಿವೆಗೆ ಹೇಳಿಕೊಡಬೇಕಾಗಿಲ್ಲ. 2018ರ ಮಾರ್ಚ್ 11ರಂದು ಬೋಡಿಯ ಮೇಲಿನ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಲುಕಿದ ಚಾರಣಿಗರಲ್ಲಿ 23 ಮಂದಿ ಪ್ರಾಣ ಕಳೆದುಕೊಂಡರು. ವಾಹನದ ಬೆಂಕಿಯ ವಿಷಯದಲ್ಲಿ ಹೆತ್ತವರು ಮರೆಯಬಾರದ ಘಟನೆ ಪಂಜಾಬಿನದು. 2020ರ ಫೆಬ್ರವರಿ 15ರಂದು ಸಂಗ್ರೂರ್ ಜಿಲ್ಲೆಯ ಲೋಂಗೊವಾಲಿನಲ್ಲಿ ಶಾಲೆಯಿಂದ ಮಕ್ಕಳನ್ನು ಮನೆಗೆ ಕರೆದೊಯ್ಯುತ್ತಿದ್ದ ಹಳೆಯ ವ್ಯಾನಿಗೆ ಬೆಂಕಿ ಹತ್ತಿತು. ಒಳಗಿದ್ದ 12 ಮಕ್ಕಳಲ್ಲಿ 8 ಮಂದಿಯನ್ನು ಸಮೀಪದ ಹೊಲಗಳಲ್ಲಿದ್ದ ಜನ ಓಡಿಬಂದು ಹೊರಗೆಳೆದರು. ನಾಲ್ವರು ಪುಟ್ಟ ಮಕ್ಕಳು ಒಳಗೇ ಉಳಿದುಹೋದರು. ಅಗ್ನಿಶಾಮಕ ವಾಹನ ಬರುವುದಕ್ಕೆ ಎಷ್ಟೋ ಮೊದಲೇ, ಮೊದಲ ಒಂದೆರಡು ನಿಮಿಷಗಳಲ್ಲಿಯೇ ಎಲ್ಲವೂ ತೀರ್ಮಾನವಾಗಿಬಿಡುತ್ತದೆ ಎಂಬುದು ಇಂತಹ ಎಲ್ಲ ದುರಂತಗಳ ಸಾಮಾನ್ಯ ಪಾಠ.

ಕಿಡಿ ಎಲ್ಲಿಂದ?

ಕಾರಿನ ಬೆಂಕಿ ಬಹುಮಟ್ಟಿಗೆ ಎಂಜಿನ್ನಿನ ಕಡೆಯಿಂದ ಹುಟ್ಟುತ್ತದೆ. ಹಳತಾದ ಇಂಧನದ ಕೊಳವೆ ಬಿರುಕು ಬಿಟ್ಟು ಪೆಟ್ರೋಲು ಬಿಸಿ ಲೋಹದ ಮೇಲೆ ತೊಟ್ಟಿಕ್ಕುವುದು ಒಂದು ಕಾರಣ. ವಿದ್ಯುತ್ ತಂತಿಯ ಹೊದಿಕೆ ಸವೆದು ಶಾರ್ಟ್ ಸರ್ಕ್ಯೂಟ್ ಆಗುವುದು ಇನ್ನೊಂದು. ತೋಟದ ಮನೆಗಳಲ್ಲಿ ನಿಲ್ಲುವ ಕಾರುಗಳ ತಂತಿಗಳನ್ನು ಇಲಿಗಳು ಕಡಿಯುವುದು ನಮ್ಮ ಕಡೆ ಸರ್ವೇಸಾಮಾನ್ಯ. ಕಂಪನಿ ಕೊಟ್ಟದ್ದು ಸಾಲದೆಂದು ಹೊರಗೆ ಹಾಕಿಸುವ ಪ್ರಖರ ದೀಪ, ದೊಡ್ಡ ಹಾರನ್ನು, ಧ್ವನಿಪೆಟ್ಟಿಗೆಗಳಿಗಾಗಿ ತಂತಿಯನ್ನು ಕತ್ತರಿಸಿ ಜೋಡಿಸಿದರಂತೂ ಅಪಾಯ ಹೆಚ್ಚುತ್ತದೆ. ಫ್ಯೂಸು ಪದೇಪದೇ ಹೋಗುತ್ತಿದ್ದರೆ ಅದು ಎಚ್ಚರಿಕೆಯ ಗಂಟೆ. ಅದರ ಜಾಗದಲ್ಲಿ ಹೆಚ್ಚು ಸಾಮರ್ಥ್ಯದ ಫ್ಯೂಸನ್ನೋ ತಂತಿಯ ತುಂಡನ್ನೋ ಸಿಕ್ಕಿಸುವುದು ಆ ಗಂಟೆಯ ನಾಲಗೆಯನ್ನೇ ಕಿತ್ತಂತೆ.

ಘಟ್ಟದ ದಾರಿಗೆ ಅದರದೇ ಕಾರಣಗಳಿವೆ. ಬೋಡಿಮೆಟ್ಟಿನ 17 ಹಿಮ್ಮುರಿ ತಿರುವುಗಳನ್ನು ಬ್ರೇಕನ್ನು ಒತ್ತಿಹಿಡಿದೇ ಇಳಿದರೆ ಚಕ್ರದ ಬಳಿ ಬಿಸಿ ಏರಿ ಹೊಗೆ ಕಾಣಿಸುತ್ತದೆ. ಕೆಳಗಿನ ಗೇರಿನಲ್ಲಿ, ಎಂಜಿನ್ನಿನ ಹಿಡಿತದಲ್ಲಿ ಇಳಿಯುವುದೇ ಕ್ರಮ. ಬೇಸಗೆಯಲ್ಲಿ ಒಣಹುಲ್ಲಿನ ಮೇಲೆ ಕಾರನ್ನು ನಿಲ್ಲಿಸಲೇಬಾರದು. ಆಗತಾನೆ ಓಡಿ ನಿಂತ ಕಾರಿನ ಹೊಗೆಕೊಳವೆಯ ಬಿಸಿಗೆ ಹುಲ್ಲು ಹತ್ತಿಕೊಳ್ಳಬಹುದು. ಹತ್ತಿದರೆ ಕಾರೂ ಹೋಗುತ್ತದೆ, ಗುಡ್ಡವೂ ಉರಿಯುತ್ತದೆ. ಯಾತ್ರೆಯ ವಾಹನದೊಳಗೆ ಕರ್ಪೂರ ಹಚ್ಚುವುದು, ಅಡುಗೆಗೆಂದು ಗ್ಯಾಸ್ ಸಿಲಿಂಡರನ್ನು ಹೊತ್ತೊಯ್ಯುವುದು ಕೂಡದು. 2023ರ ಆಗಸ್ಟ್ 26ರಂದು ಮದುರೈಯಲ್ಲಿ ನಿಂತಿದ್ದ ಪ್ರವಾಸಿಗರ ರೈಲು ಬೋಗಿಯಲ್ಲಿ ನಿಯಮ ಮೀರಿ ಒಯ್ದಿದ್ದ ಸಿಲಿಂಡರಿನಿಂದ ಎದ್ದ ಬೆಂಕಿಗೆ 9 ಮಂದಿ ಬಲಿಯಾದರು.

ಯಾವ ಬಗೆಯದು?

ಬೆಂಕಿಯನ್ನು ಅದು ಸುಡುವ ವಸ್ತುವಿನ ಮೇರೆಗೆ ವರ್ಗೀಕರಿಸುತ್ತಾರೆ. ಬಟ್ಟೆ, ಕಾಗದ, ಸೀಟಿನ ನೊರೆ ಮುಂತಾದ ಘನವಸ್ತುಗಳದು ಎ ವರ್ಗ. ಪೆಟ್ರೋಲು, ಡೀಸೆಲು, ಎಣ್ಣೆಗಳದು ಬಿ ವರ್ಗ. ಅನಿಲಗಳದು ಸಿ ವರ್ಗ. ಕಾರಿನಲ್ಲಿ ಇವೆಲ್ಲವೂ ಇವೆ. ಜೊತೆಗೆ ವಿದ್ಯುತ್ತೂ ಇದೆ. ಆದ್ದರಿಂದ ಎಲ್ಲಕ್ಕೂ ಒದಗುವ ಎಬಿಸಿ ಒಣಪುಡಿಯ ಅಗ್ನಿನಂದಕವೇ ಸಾಮಾನ್ಯ ಕುಟುಂಬದ ಕಾರಿಗೆ ಯೋಗ್ಯ. ಅದರೊಳಗಿನ ಮುಖ್ಯ ದ್ರವ್ಯ ಮೊನೊ ಅಮೋನಿಯಂ ಫಾಸ್ಫೇಟ್. ಪುಡಿ ಜ್ವಾಲೆಯ ರಾಸಾಯನಿಕ ಕ್ರಿಯೆಯನ್ನು ತಡೆಯುತ್ತದೆ. ಬಿಸಿಗೆ ಕರಗಿ ಸುಡುವ ವಸ್ತುವಿನ ಮೇಲೆ ಪೊರೆಯಂತೆ ಕೂರುತ್ತದೆ. ಅದಕ್ಕೆ ದೋಷಗಳೂ ಇವೆ. ಮುಚ್ಚಿದ ಕಾರಿನೊಳಗೆ ಸಿಂಪಡಿಸಿದರೆ ಕಣ್ಣು ಕಾಣದು, ಉಸಿರು ಕಟ್ಟುತ್ತದೆ. ಆಮೇಲೆ ತೊಳೆದು ತೆಗೆಯದಿದ್ದರೆ ಉಳಿದ ಪುಡಿ ಲೋಹವನ್ನೂ ವಿದ್ಯುತ್ ಭಾಗಗಳನ್ನೂ ತಿನ್ನುತ್ತದೆ. ಪ್ರಾಣ ಉಳಿಯುವ ಮುಂದೆ ಇದು ದೊಡ್ಡ ನಷ್ಟವಲ್ಲ.

ಕಚೇರಿಗಳಲ್ಲಿ ಕಾಣುವ ಇಂಗಾಲದ ಡೈ ಆಕ್ಸೈಡಿನ ಸಿಲಿಂಡರು ಕಾರಿಗೆ ತಕ್ಕುದಲ್ಲ. ಅದು ಭಾರ, ಒಳಗಿನ ಒತ್ತಡ ಅಧಿಕ, ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಇನ್ನಷ್ಟು ಏರುತ್ತದೆ, ಬಯಲಿನ ಗಾಳಿಗೆ ಅನಿಲ ಚದುರಿಹೋಗುತ್ತದೆ, ಮುಚ್ಚಿದ ಜಾಗದಲ್ಲಿ ಮನುಷ್ಯರ ಉಸಿರಿಗೂ ಕುತ್ತು. ನೀರಿನದು ಪೆಟ್ರೋಲಿನ ಬೆಂಕಿಗೂ ವಿದ್ಯುತ್ತಿಗೂ ಆಗದು. ಶೇಷ ಉಳಿಸದ ‘ಕ್ಲೀನ್ ಏಜೆಂಟ್’ ಬಗೆಯದು ಒಳ್ಳೆಯದಾದರೂ ಬೆಲೆ ಹೆಚ್ಚು. ಸುಗಂಧದ ಸೀಸೆಯಂತಿರುವ ಪುಟ್ಟ ಸ್ಪ್ರೇ ಡಬ್ಬಿಗಳನ್ನೇ ನಂಬಿ ಕೂರುವಂತಿಲ್ಲ. ಕಾಗದದ ಬೆಂಕಿಗೆ ಅವು ಸಾಕಾದೀತು, ಎಂಜಿನ್ನಿನ ಬೆಂಕಿಗೆ ಸಾಲವು.

ವಿದ್ಯುತ್ ಕಾರು ಉಳ್ಳವರು ಒಂದು ಮಾತನ್ನು ಬೇರೆಯಾಗಿ ತಿಳಿದಿರಬೇಕು. ಲಿಥಿಯಂ ಬ್ಯಾಟರಿಯೇ ಹೊತ್ತಿಕೊಂಡರೆ ಕೈಯಲ್ಲಿ ಹಿಡಿಯುವ ಯಾವ ನಂದಕವೂ ಅದನ್ನು ತಡೆಯಲಾರದು. ಅಲ್ಲಿ ಇಳಿದು ದೂರ ಓಡುವುದೊಂದೇ ದಾರಿ.

ಎಷ್ಟು ದೊಡ್ಡದು, ಯಾವ ಗುರುತು?

ಒಂದು ಕಿಲೋಗ್ರಾಂಗಿಂತ ಕಡಿಮೆಯದನ್ನು ಕೊಳ್ಳಬಾರದು. ಜಾಗವಿದ್ದರೆ ಎರಡು ಕಿಲೋಗ್ರಾಮಿನದು ಉತ್ತಮ. ಒಂದು ಕಿಲೋಗ್ರಾಮಿನ ಪುಡಿ ಹತ್ತು ಸೆಕೆಂಡುಗಳ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ ಎಂಬುದು ನೆನಪಿರಲಿ. ಸಿಲಿಂಡರಿನ ಮೇಲೆ ಎ ಮತ್ತು ಬಿ ಅಕ್ಷರಗಳ ಹಿಂದೆ ಇರುವ ಅಂಕಿ, ಪರೀಕ್ಷೆಯಲ್ಲಿ ಅದು ಎಷ್ಟು ದೊಡ್ಡ ಬೆಂಕಿಯನ್ನು ನಂದಿಸಿತೆಂಬುದನ್ನು ಸೂಚಿಸುತ್ತದೆ. ಸಮಾನ ತೂಕದ ಎರಡರಲ್ಲಿ ಅಂಕಿ ದೊಡ್ಡದಾಗಿರುವುದನ್ನು ಆರಿಸಬೇಕು.

ಅಂಗಡಿಯಲ್ಲಿ ನೋಡಬೇಕಾದ ಮೊದಲ ಗುರುತು ಐಎಸ್‌ಐ ಮುದ್ರೆ. ಅದರೊಡನೆ ‘ಐಎಸ್ 15683’ ಎಂಬ ಮಾನಕದ ಸಂಖ್ಯೆಯೂ ‘ಸಿಎಂ/ಎಲ್’ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಈ ಪರವಾನಗಿ ನಿಜವೋ ಅಲ್ಲವೋ ಎಂಬುದನ್ನು ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಅಂಗಡಿಯಲ್ಲಿ ನಿಂತೇ ಪರೀಕ್ಷಿಸಬಹುದು. ಬಳಿಕ ತಯಾರಾದ ವರ್ಷ, ತಡೆದುಕೊಳ್ಳಬಲ್ಲ ಉಷ್ಣತೆಯ ಮಿತಿ, ಬೀಗದ ಪಿನ್ನು ಮತ್ತು ಅದರ ಮುದ್ರೆ ಇವುಗಳನ್ನು ನೋಡಬೇಕು. ಒತ್ತಡದ ಮಾಪಕದ ಮುಳ್ಳು ಹಸಿರು ಭಾಗದಲ್ಲಿರಬೇಕು. ಮಾಪಕವೇ ಇಲ್ಲದ್ದನ್ನು ಕೊಂಡರೆ ಒಳಗೆ ಒತ್ತಡ ಉಳಿದಿದೆಯೇ ಎಂದು ತಿಳಿಯುವ ಬಗೆಯಿಲ್ಲ.

ರಸೀದಿಯನ್ನು ಕೇಳಿ ಪಡೆಯುವುದು ಅಗತ್ಯ. ದೋಷಯುಕ್ತ ಸರಕಿನ ಬಗ್ಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷಗಳ ಅವಧಿಯಿದೆ. ಆ ದೂರಿಗೆ ಮೊದಲ ಆಧಾರ ರಸೀದಿಯೇ.

ಕಾನೂನು ಏನೆನ್ನುತ್ತದೆ?

ಸ್ವಂತ ಬಳಕೆಯ ಕಾರಿನಲ್ಲಿ ಅಗ್ನಿನಂದಕವಿರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಕಡ್ಡಾಯ ಮಾಡಿಲ್ಲ. ಇಲ್ಲಿ ಕಾಯುವುದು ದಂಡದ ಭಯವಲ್ಲ, ಮನೆಯವರ ವಿವೇಕ. ಶಾಲಾ ಬಸ್ಸಿನ ಮಾತು ಬೇರೆ. ಶಾಲಾ ಬಸ್ಸುಗಳಿಗಾಗಿ ತಮಿಳುನಾಡು ಸರ್ಕಾರ 2012ರಲ್ಲಿ ರೂಪಿಸಿದ ವಿಶೇಷ ನಿಯಮಗಳ ಪ್ರಕಾರ ಅಗ್ನಿನಂದಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮುಂತಾದವು ಇರಲೇಬೇಕು. ಅವು ಇವೆಯೇ, ಮುಳ್ಳು ಹಸಿರಿನಲ್ಲಿದೆಯೇ, ಚಾಲಕನಿಗೂ ಸಹಾಯಕಿಗೂ ಬಳಸಲು ಬರುತ್ತದೆಯೇ ಎಂದು ಕೇಳುವುದು ಹೆತ್ತವರ ಹಕ್ಕು. ಶಾಲೆಯವರು ಅದನ್ನು ಅವಿಶ್ವಾಸವೆಂದು ಭಾವಿಸಬೇಕಾಗಿಲ್ಲ. ಹಲವು ಮನೆಯವರು ಸೇರಿ ಗೊತ್ತುಮಾಡುವ ಬಾಡಿಗೆ ವ್ಯಾನಿನ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಮುಖ್ಯ. ವಾಹನದ ಅರ್ಹತಾ ಪತ್ರವನ್ನು ನೋಡದೆ, ಕಡಿಮೆ ಬಾಡಿಗೆಯನ್ನಷ್ಟೇ ನೋಡಿ ಮಕ್ಕಳನ್ನು ಹತ್ತಿಸುವುದು ಸಲ್ಲದು.

ವಿಮೆಯ ಬಗ್ಗೆಯೂ ಒಂದು ಮಾತು. ಕಡ್ಡಾಯವಾದ ಮೂರನೆಯ ವ್ಯಕ್ತಿಯ ವಿಮೆಯೊಂದೇ ಇದ್ದರೆ ಸುಟ್ಟ ಕಾರಿಗೆ ಪರಿಹಾರ ದೊರೆಯದು. ಅದಕ್ಕೆ ಸ್ವಂತ ಹಾನಿಯ ವಿಮೆ ಬೇಕು. ನೋಂದಣಿ ಪತ್ರದಲ್ಲಿ ನಮೂದಿಸದೆ ಗ್ಯಾಸ್ ಕಿಟ್ ಅಳವಡಿಸಿದ್ದರೆ ಅದು ಕಾಯ್ದೆಗೂ ವಿರುದ್ಧ, ಪರಿಹಾರಕ್ಕೂ ಅಡ್ಡಿ.

ಎಲ್ಲಿಡಬೇಕು, ಹೇಗೆ ಕಾಪಾಡಬೇಕು?

ಡಿಕ್ಕಿಯಲ್ಲಿ ಚೀಲಗಳ ಕೆಳಗೆ ಹೂತಿಟ್ಟ ಅಗ್ನಿನಂದಕ ಇಲ್ಲದುದಕ್ಕೆ ಸಮ. ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿನ ತಾಪ ಹೆಚ್ಚು. ಚಾಲಕನ ಕಾಲಬಳಿ ಇಟ್ಟರೆ ಉರುಳಿ ಬ್ರೇಕಿನ ಅಡಿಗೆ ಸಿಲುಕೀತು. ಮುಂದಿನ ಎಡಗಡೆಯ ಸೀಟಿನ ಮುಂಬದಿಯಲ್ಲಿ, ಇಳಿಯುತ್ತಲೇ ಕೈಗೆ ಸಿಗುವಂತೆ, ಲೋಹದ ಹಿಡಿಕೆಗೆ ಬಿಗಿದು ನಿಲ್ಲಿಸುವುದು ಒಳ್ಳೆಯದು. ಬಿಗಿಯದೆ ಬಿಟ್ಟ ಸಿಲಿಂಡರು ಅಪಘಾತದ ರಭಸಕ್ಕೆ ಹಾರಿ ಒಳಗಿನವರಿಗೇ ಬಡಿಯಬಹುದು.

ತಿಂಗಳಿಗೊಮ್ಮೆ ಮಾಪಕವನ್ನು ನೋಡಬೇಕು. ಓಟದ ಕುಲುಕಾಟಕ್ಕೆ ಪುಡಿ ತಳದಲ್ಲಿ ಗಟ್ಟಿಯಾಗಿ ಕೂರುವುದರಿಂದ ಆಗ ಸಿಲಿಂಡರನ್ನು ತಲೆಕೆಳಗು ಮಾಡಿ ತಟ್ಟಿ ಸಡಿಲಿಸಬೇಕು. ಒಮ್ಮೆ ಅರೆಕ್ಷಣ ಒತ್ತಿದ್ದರೂ ಮತ್ತೆ ತುಂಬಿಸಬೇಕು. ಕವಾಟದಲ್ಲಿ ಪುಡಿ ಉಳಿದು ಒತ್ತಡ ಸೋರಿಹೋಗುತ್ತದೆ. ಐಎಸ್ 2190 ಎಂಬ ಮಾನಕದ ಪ್ರಕಾರ ಒಣಪುಡಿಯ ನಂದಕದ ಆಯುಸ್ಸು ಹತ್ತು ವರ್ಷ. ಆಮೇಲೆ ಅದು ಹೊಸದರಂತೆ ಹೊಳೆಯುತ್ತಿದ್ದರೂ ಬದಲಿಸಬೇಕು.

ಬೆಂಕಿ ಕಂಡಾಗ

ಮೊದಲ ಕೆಲಸ ಬೆಂಕಿಯನ್ನು ನಂದಿಸುವುದಲ್ಲ, ಮಕ್ಕಳನ್ನು ಇಳಿಸುವುದು. ಸುಟ್ಟ ವಾಸನೆಯೋ ಹೊಗೆಯೋ ಬಂದೊಡನೆ ಕಾರನ್ನು ಬದಿಗೆ ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ಬಾಗಿಲುಗಳ ಬೀಗ ತೆಗೆದು ಎಲ್ಲರನ್ನೂ ಇಳಿಸಬೇಕು. ಹಿಂದಿನ ಬಾಗಿಲುಗಳಿಗೆ ಮಕ್ಕಳ ಬೀಗ ಹಾಕಿದ್ದರೆ ಹೊರಗಿನಿಂದ ಹಿರಿಯರೇ ತೆರೆಯಬೇಕು. ಮಕ್ಕಳನ್ನು ದಾರಿಯ ನಡುವಿಗೆ ಬಿಡದೆ, ಗಾಳಿ ಬೀಸಿಬರುವ ಕಡೆಗೆ, ಮೂವತ್ತು ಮೀಟರಾದರೂ ದೂರ ಕರೆದೊಯ್ಯಬೇಕು. ಒಬ್ಬರು 101 ಅಥವಾ 112ಕ್ಕೆ ಕರೆ ಮಾಡಬೇಕು; ಘಟ್ಟದಲ್ಲಾದರೆ ಎಷ್ಟನೆಯ ತಿರುವೆಂದು ಹೇಳಿದರೆ ನೆರವು ಬೇಗ ಬರುತ್ತದೆ. ವಿದ್ಯುತ್ ಬೀಗ ಕೈಕೊಟ್ಟರೆ ಒಡೆಯಬೇಕಾದುದು ಪಕ್ಕದ ಗಾಜು, ಅದೂ ಮೂಲೆಯಲ್ಲಿ. ಮುಂದಿನ ಗಾಜು ಪದರಗಳಿಂದಾದುದರಿಂದ ಬೇಗನೆ ಒಡೆಯದು. ಗಾಜು ಒಡೆಯುವ, ಸೀಟುಪಟ್ಟಿ ಕತ್ತರಿಸುವ ಪುಟ್ಟ ಸುತ್ತಿಗೆಯನ್ನು ಚಾಲಕನ ಕೈಯಳವಿನಲ್ಲಿ ಇಟ್ಟಿರಬೇಕು.

ಎಲ್ಲರೂ ಇಳಿದ ಮೇಲೆ, ಬೆಂಕಿ ಇನ್ನೂ ಚಿಕ್ಕದಾಗಿದ್ದರೆ ಮಾತ್ರ ಅಗ್ನಿನಂದಕವನ್ನು ಎತ್ತಿಕೊಳ್ಳಬೇಕು. ಗಾಳಿಗೆ ಬೆನ್ನು ಮಾಡಿ ನಿಂತು, ಪಿನ್ನನ್ನು ಕಿತ್ತು, ಜ್ವಾಲೆಯ ಬುಡಕ್ಕೆ ಗುರಿಯಿಟ್ಟು, ಹಿಡಿಯನ್ನು ಒತ್ತಿ, ಎಡಬಲಕ್ಕೆ ಗುಡಿಸಿದಂತೆ ಆಡಿಸಬೇಕು. ಬಾನೆಟ್ಟಿನ ಕೆಳಗೆ ಹೊಗೆಯಾಡುತ್ತಿದ್ದರೆ ಅದನ್ನು ಪೂರ್ತಿ ಎತ್ತಲೇಬಾರದು. ಹೊಸ ಗಾಳಿ ನುಗ್ಗಿದೊಡನೆ ಜ್ವಾಲೆ ಮುಖಕ್ಕೆ ಚಿಮ್ಮುತ್ತದೆ. ಬೀಗವನ್ನಷ್ಟೇ ಸಡಿಲಿಸಿ ಬೆರಳಗಲದ ಸಂದಿನಿಂದಲೋ ಮುಂಭಾಗದ ಜಾಲರಿಯ ಮೂಲಕವೋ ಪುಡಿಯನ್ನು ಹಾಯಿಸಬೇಕು. ಒಂದು ಸಿಲಿಂಡರಿಗೆ ಆರದಿದ್ದರೆ, ಬೆಂಕಿ ಇಂಧನದ ತೊಟ್ಟಿಯ ಕಡೆಯಿದ್ದರೆ, ಅಥವಾ ಕಾರಿನೊಳಗೆ ಹರಡಿದ್ದರೆ ಪ್ರಯತ್ನವನ್ನು ಅಲ್ಲಿಗೇ ಬಿಟ್ಟು ಹಿಂದೆ ಸರಿಯಬೇಕು. ಸಿನಿಮಾದಲ್ಲಿ ತೋರಿಸುವಂತೆ ಕಾರುಗಳು ಸಿಡಿಯುವುದು ವಿರಳ. ಆದರೆ ಟೈರು, ಗಾಳಿಚೀಲ, ಬಾನೆಟ್ಟಿನ ಅನಿಲದಂಡಗಳು ಸಿಡಿದು ಗಾಯವಾಗುವುದುಂಟು. ಚೀಲ, ಮೊಬೈಲು, ದಾಖಲೆಗಳಿಗಾಗಿ ಮರಳಿ ಒಳಗೆ ಹೋಗುವಂತಿಲ್ಲ.

ಅಗ್ನಿನಂದಕದ ಮೇಲಿನ ಸೂಚನೆಗಳು ಸಾಮಾನ್ಯವಾಗಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿರುತ್ತವೆ. ಗಾಬರಿಯ ಹೊತ್ತಿನಲ್ಲಿ ಅವನ್ನು ಓದಿ ಅರ್ಥಮಾಡಿಕೊಳ್ಳಲು ಯಾರಿಗೂ ಸಮಯವಿರದು. ಕನ್ನಡ ಕಲಿಯುತ್ತಿರುವ ಮಕ್ಕಳಿರುವ ಮನೆಯಲ್ಲಿ ಆ ಮಕ್ಕಳ ಕೈಯಿಂದಲೇ ನಾಲ್ಕು ಸಾಲುಗಳನ್ನು ದೊಡ್ಡ ಅಕ್ಷರದಲ್ಲಿ ಬರೆಯಿಸಿ ಸೀಟಿನ ಬೆನ್ನಿಗೆ ಅಂಟಿಸಬಹುದು: ಇಳಿ, ದೂರ ಹೋಗು, 101ಕ್ಕೆ ಕರೆ ಮಾಡು, ಮರಳಿ ಬರಬೇಡ. ಚಾಲಕ ತಮಿಳಿನವರಾದರೆ ಪಕ್ಕದಲ್ಲಿ ತಮಿಳಿನಲ್ಲಿಯೂ ಇರಲಿ. ಬರೆದ ಮಗು ಅದನ್ನು ಮರೆಯುವುದಿಲ್ಲ. ಮುಂದಿನ ರಜೆಯಲ್ಲಿ ಕಾರು ಮನೆಯ ಮುಂದೆ ನಿಂತಿರುವಾಗ ಒಮ್ಮೆ ಎಲ್ಲರೂ ಕುಳಿತು, ಬೀಗ ತೆಗೆದು ಇಳಿಯಲು ಎಷ್ಟು ಸೆಕೆಂಡು ಬೇಕಾಗುತ್ತದೆಂದು ಎಣಿಸಿ ನೋಡಬೇಕು. ಅದಕ್ಕೆ ಖರ್ಚೇನೂ ಇಲ್ಲ.